ನ್ಯಾಯಮೂರ್ತಿಗಳೇ ಬರೆದ ಪುಸ್ತಕಗಳಲ್ಲಿ ಮೊದಲು ಯಾವುದನ್ನು ಓದಲಿ?

ಕಾಲೇಜಿನ ಗ್ರಂಥಾಲಯಕ್ಕೆ ಹೊಸದಾಗಿ ಬಂದ ಪುಸ್ತಕಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರ ‘ರೀಡಿಂಗ್ ದಿ ಕಾನ್‌ಸ್ಟಿಟ್ಯೂಷನ್’ ಕಂಡಿತು, ಸಂವಿಧಾನವನ್ನು ಅರ್ಥೈಸುವ ಬಗೆಯನ್ನು ನ್ಯಾಯಾಧೀಶರ ಬಾಯಿಂದಲೇ ತಿಳಿಯಲು ಅಲ್ಲಿಂದ ಶುರು ಮಾಡಬಹುದೇ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಪುಸ್ತಕ ಚೆನ್ನಾಗಿದೆ, ಆದರೆ 2024ರಲ್ಲಿ ಬಂದ ಅದು ಹಳೆಯ ಜಗಳವೊಂದರಲ್ಲಿ ಒಬ್ಬರು ಕೊಟ್ಟ ಉತ್ತರ. ಎದುರು ಪಕ್ಷದ ವಾದ ಕೇಳದೆ ಓದಿದರೆ ಪುಟಪುಟಕ್ಕೂ ತಲೆಯಾಡಿಸುತ್ತಾ ಹೋಗುತ್ತೀರಿ.

ಎದುರು ಪಕ್ಷ ಅಂದರೆ ಆಂಟೊನಿನ್ ಸ್ಕಾಲಿಯಾ. 1986ರಿಂದ 2016ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿದ್ದವರು. 1997ರ ಅವರ ‘ಎ ಮ್ಯಾಟರ್ ಆಫ್ ಇಂಟರ್‌ಪ್ರಿಟೇಶನ್’ ತೆಳ್ಳನೆಯ ಪುಸ್ತಕ, ಮೊದಲು ಅದನ್ನು ಹಿಡಿಯಿರಿ. ಸಂವಿಧಾನದ ಮಾತಿಗೆ ಅದು ಬರೆಯಲ್ಪಟ್ಟ ಕಾಲದ ಜನ ಯಾವ ಅರ್ಥ ಕೊಡುತ್ತಿದ್ದರೋ ಅದೇ ಅರ್ಥ; ಬದಲಾಯಿಸಬೇಕಿದ್ದರೆ ತಿದ್ದುಪಡಿ ತನ್ನಿ, ನ್ಯಾಯಾಧೀಶರ ಕೈಯಲ್ಲಿ ಬದಲಾಯಿಸಬೇಡಿ ಎನ್ನುವುದು ಅವರ ಹಟ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಪುಸ್ತಕ ಇಷ್ಟ, ಯಾಕೆಂದರೆ ಅದೇ ರಟ್ಟಿನೊಳಗೆ ಕಾನೂನು ವಿದ್ವಾಂಸರಾದ ರೊನಾಲ್ಡ್ ಡ್ವರ್ಕಿನ್, ಲಾರೆನ್ಸ್ ಟ್ರೈಬ್, ಇತಿಹಾಸಕಾರ ಗಾರ್ಡನ್ ವುಡ್ ಮುಂತಾದವರು ಅವರ ಮಾತಿಗೆ ಆಕ್ಷೇಪ ಎತ್ತಿದ್ದಾರೆ, ಕೊನೆಯಲ್ಲಿ ಸ್ಕಾಲಿಯಾ ಮತ್ತೆ ಅವರಿಗೆ ತಿರುಗೇಟು ಕೊಡುತ್ತಾರೆ.

ಆಮೇಲೆ ಬ್ರೇಯರ್‌. ಕಾನೂನಿನ ಉದ್ದೇಶವೇನು, ಹೀಗೆ ಅರ್ಥ ಮಾಡಿದರೆ ಪರಿಣಾಮವೇನು ಅಂತ ಕೇಳುವವರು ಅವರು. ಅವರು ಹೇಳುವ ಒಂದು ಕಥೆಯಲ್ಲಿ ಫ್ರಾನ್ಸಿನ ಮೇಷ್ಟ್ರೊಬ್ಬರು ರೈಲಿನಲ್ಲಿ ಬಸವನಹುಳುಗಳನ್ನು ಒಯ್ಯುತ್ತಿರುತ್ತಾರೆ. ಪ್ರಾಣಿಗಳಿಗೂ ಟಿಕೆಟ್ ತೆಗೆಸಬೇಕು ಅಂತ ರೈಲಿನವನು ತಕರಾರು ತೆಗೆಯುತ್ತಾನೆ. ಹುಳು ‘ಪ್ರಾಣಿ’ಯೇ? ನಿಘಂಟು ತೆರೆದರೆ ಹೌದು. ನಿಯಮ ಮಾಡಿದ್ದು ಯಾತಕ್ಕೆ ಅಂತ ಕೇಳಿದರೆ ಉತ್ತರ ಬೇರೆಯಾಗಬಹುದು. (ಸಾರಿಗೆ ಬಸ್ಸಿನಲ್ಲಿ ಕೋಳಿಗೆ ಅರ್ಧ ಟಿಕೆಟ್ ಹರಿದ ಸುದ್ದಿ ಓದಿದ ನಮಗೆ ಇದು ಹೊಸ ತಕರಾರೇನಲ್ಲ.)

ಆದರೆ ಪುಸ್ತಕದಲ್ಲಿ ಎಲ್ಲರ ಸಿದ್ಧಾಂತವೂ ಇಸ್ತ್ರಿ ಮಾಡಿಟ್ಟಂತೆ ಇರುತ್ತದೆ. ಸುಕ್ಕು ಕಾಣುವುದು ಮೊಕದ್ದಮೆಯಲ್ಲಿ. ಹಾಗಾಗಿ ಪುಸ್ತಕದ ಜೊತೆಗೇ 2008ರ ಹೆಲರ್ ಪ್ರಕರಣ ಓದಿ. ವಾಷಿಂಗ್ಟನ್ ನಗರ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. 5-4ರ ಬಹುಮತದ ತೀರ್ಪು ಸ್ಕಾಲಿಯಾ ಅವರದು: ಆಯುಧ ಹೊಂದುವ ಹಕ್ಕಿನ ಬಗೆಗಿನ ಎರಡನೇ ತಿದ್ದುಪಡಿಯ ಒಂದೊಂದು ಪದವನ್ನೂ ಅದು ಜಾರಿಗೆ ಬಂದ 1791ರ ಬಳಕೆಗೆ ಹಚ್ಚಿ ನೋಡಿ ನಿಷೇಧವನ್ನು ಹೊಡೆದುಹಾಕಿದರು. ಭಿನ್ನ ತೀರ್ಪಿನಲ್ಲಿ ಬ್ರೇಯರ್, ಹಕ್ಕು ಇದೆ ಅಂತಲೇ ಇಟ್ಟುಕೊಂಡರೂ ಅಪರಾಧ ಹೆಚ್ಚಿರುವ ನಗರದಲ್ಲಿ ಈ ನಿರ್ಬಂಧ ಅತಿಯಾಯಿತೇ ಅಂತ ತೂಗುತ್ತಾರೆ. ಹಾಗೆ ತೂಗುವ ಅಧಿಕಾರವನ್ನೇ ಸಂವಿಧಾನ ನಿಮ್ಮ ಕೈಯಿಂದ ಕಿತ್ತುಕೊಂಡಿದೆ ಅನ್ನುವುದು ಸ್ಕಾಲಿಯಾ ಉತ್ತರ. ತಮಾಷೆಯೆಂದರೆ, ಪರಿಣಾಮ ನೋಡಿ ಅನ್ನುವ ಬ್ರೇಯರ್ ಕೂಡ ಹಳೇ ಬಾಸ್ಟನ್ನಿನಲ್ಲಿ ಮದ್ದುಗುಂಡಿನ ಮೇಲಿದ್ದ ಕಾನೂನುಗಳನ್ನು ಹುಡುಕಿ ತೆಗೆಯುತ್ತಾರೆ. ಇತಿಹಾಸ ಇಬ್ಬರಿಗೂ ಬೇಕು.

ನಮ್ಮಲ್ಲಿ ಈ ಜಗಳ ಹೆಚ್ಚಾಗಿ ತೀರ್ಪುಗಳೊಳಗೇ ನಡೆದಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಕೇಶವಾನಂದ ಭಾರತಿ ಪ್ರಕರಣವನ್ನೇ ನೋಡಿ: ಸಂವಿಧಾನ ತಿದ್ದುವ ಅಧಿಕಾರ ಕೊಡುವ 368ನೇ ವಿಧಿಯಲ್ಲಿ ‘ಮೂಲ ರಚನೆ’ (ಸಂಸತ್ತು ತಿದ್ದಿ ಕೆಡಿಸಲಾಗದ ಸಂವಿಧಾನದ ತಿರುಳು) ಎಂಬ ಮಾತು ಎಲ್ಲೂ ಇಲ್ಲ, ಆದರೂ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಅದನ್ನು ಎತ್ತಿಹಿಡಿದರು. ಸ್ಕಾಲಿಯಾ ಓದಿದ ಮೇಲೆ ಇದನ್ನು ಓದಿದರೆ ಮೈ ಜುಂ ಅನ್ನುತ್ತದೆ. ಆ 7 ಮಂದಿಯಲ್ಲಿ ನಮ್ಮ ಕೆ.ಎಸ್. ಹೆಗ್ಡೆ ಒಬ್ಬರು, ತೀರ್ಪಿನ ಬೆನ್ನಿಗೇ ಅವರ ಹಿರಿತನ ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟರು. ಪುಸ್ತಕವೇ ಬೇಕೆಂದರೆ ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ‘ಡಿಸ್ಕಾರ್ಡೆಂಟ್ ನೋಟ್ಸ್’ (2021) ಇದೆ, ಎರಡು ಸಂಪುಟ, ಬರೀ ಭಿನ್ನ ತೀರ್ಪುಗಳ ಕುರಿತು. ಅದನ್ನು ಒಂದೇ ಉಸಿರಿಗೆ ಓದಲು ಹೋಗಬೇಡಿ. ವಿಚಾರಣೆಯಿಲ್ಲದೆ ಬಂಧಿಸಿಡುವ ಕಾನೂನನ್ನು ಪ್ರಶ್ನಿಸಿದ 1950ರ ಗೋಪಾಲನ್ ಪ್ರಕರಣದಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಫಜಲ್ ಅಲಿ ಅವರ ಭಾಗದಿಂದ ಹಿಡಿದರೆ ಸಾಕು.

ದುಡ್ಡಿನ ವಿಷಯ: ವಿದೇಶಿ ಪುಸ್ತಕ ಕೊಳ್ಳುವ ಮೊದಲು ಟ್ಯಾನರ್ ಉಪನ್ಯಾಸಗಳ ಜಾಲತಾಣ ನೋಡಿ. ಸ್ಕಾಲಿಯಾ ಪುಸ್ತಕ ಅವರ ಪ್ರಿನ್ಸ್‌ಟನ್ ಉಪನ್ಯಾಸಗಳಿಂದ ಬೆಳೆದದ್ದು, ಬ್ರೇಯರ್ ಅವರ 2005ರ ‘ಆಕ್ಟಿವ್ ಲಿಬರ್ಟಿ’ ಹಾರ್ವರ್ಡ್‌ ಉಪನ್ಯಾಸಗಳಿಂದ. ಆ ಉಪನ್ಯಾಸಗಳೆರಡೂ ಅಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಸುಪ್ರೀಂ ಕೋರ್ಟಿನ ತೀರ್ಪುಗಳ ವರದಿಗಳು ಕೋರ್ಟಿನದೇ ಜಾಲತಾಣವಾದ ಇ-ಎಸ್‌ಸಿಆರ್‌ನಲ್ಲಿ 2023ರಿಂದ ಉಚಿತ.