ಸಿಲಿಕಾ ಕಾರ್ಖಾನೆಯಲ್ಲಿ ಕೆಮಿಸ್ಟ್‌ಗೆ ಏನು ಕೆಲಸ ಇರುತ್ತದೆ?

ಸಿಲಿಕಾ ಅಂದರೆ ಮರಳು ತಾನೇ, ಅದರಲ್ಲಿ ಕೆಮಿಸ್ಟ್‌ಗೆ ಏನು ಕೆಲಸ ಅಂತ ತುಂಬಾ ಜನ ಕೇಳುತ್ತಾರೆ. ಕೆಲಸ ಜಾಸ್ತಿನೇ ಇದೆ.

ಮರಳು ಮತ್ತು ಸೋಡಾ ಆ್ಯಶ್ (ಸೋಡಿಯಂ ಕಾರ್ಬೋನೇಟ್) ಅನ್ನು ಕುಲುಮೆಯಲ್ಲಿ ಕರಗಿಸಿದರೆ ಸೋಡಿಯಂ ಸಿಲಿಕೇಟ್ ಸಿಗುತ್ತದೆ. ಅದರ ಬಿಸಿ ದ್ರಾವಣಕ್ಕೆ ಕಲಕುತ್ತಾ ಸಲ್ಫ್ಯೂರಿಕ್ ಆಮ್ಲ ಬಿಡಬೇಕು. ತಿಳಿಯಾಗಿದ್ದ ದ್ರಾವಣ ನೋಡ್ತಾ ನೋಡ್ತಾ ಹಾಲಿನಂತೆ ಬೆಳ್ಳಗಾಗುತ್ತದೆ, ಆ ಬಿಳಿ ಕಣಗಳೇ ಸಿಲಿಕಾ. ಕೆಮಿಸ್ಟ್‌ನ ಕೈಚಳಕ ಇರುವುದು ಇಲ್ಲೇ: ಆಮ್ಲವನ್ನು ಎಷ್ಟು ವೇಗದಲ್ಲಿ ಬಿಡಬೇಕು, ಶಾಖ ಎಷ್ಟಿರಬೇಕು, ಪಿಎಚ್ ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೆ ಕಣದ ಗಾತ್ರ, ಅದರೊಳಗಿನ ರಂಧ್ರಗಳು, ಎಲ್ಲ ನಿರ್ಧಾರವಾಗುತ್ತವೆ. ಆಮೇಲೆ ಸೋಸಿ, ತೊಳೆದು, ಒಣಗಿಸುವುದು.

ಟೂತ್‌ಪೇಸ್ಟನ್ನೇ ನೋಡಿ. ಒಂದು ಬಗೆಯ ಸಿಲಿಕಾ ಹಲ್ಲು ಉಜ್ಜುತ್ತದೆ, ಇನ್ನೊಂದು ಪೇಸ್ಟನ್ನು ಗಟ್ಟಿ ಮಾಡುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ, ಅಲ್ವಾ? ಆದರೆ ಕಣ ಸ್ವಲ್ಪ ಒರಟಾದರೂ ಹಲ್ಲು ಸವೆಯುತ್ತದೆ. ಹೊಸ ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್‌ನ 1 ಗ್ರಾಂನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ, ತೇವ ಹೀರುವ ಶಕ್ತಿ ಬರುವುದು ಅದರಿಂದಲೇ. ಟೈರ್‌ಗೂ ಸಿಲಿಕಾ ಬೇಕು.

ಸಾಮಾನ್ಯವಾಗಿ ಕೆಮಿಸ್ಟ್‌ನ ಕೆಲಸ ಶುರು ಆಗುವುದು ಗುಣಮಟ್ಟ ಪರೀಕ್ಷೆಯ ಲ್ಯಾಬ್‌ನಲ್ಲಿ. ನನ್ನ ಪ್ರಕಾರ ಅಲ್ಲೇ ಕೂರಬೇಡಿ, ರಿಯಾಕ್ಟರ್ (ಆಮ್ಲ ಬಿಟ್ಟು ಸಿಲಿಕಾ ಮಾಡುವ ದೊಡ್ಡ ಪಾತ್ರೆ) ಪಕ್ಕ ನಿಂತು ಕಲಿಯಿರಿ. ಕೊಲಾಯ್ಡ್ (ದ್ರವದಲ್ಲಿ ಹರಡಿಕೊಂಡಿರುವ ಅತಿ ಸಣ್ಣ ಕಣಗಳು) ಮತ್ತು ಮೇಲ್ಮೈ ರಸಾಯನಶಾಸ್ತ್ರವನ್ನು ಚೆನ್ನಾಗಿ ಓದಿಕೊಳ್ಳಿ.