ಆಪ್ತಸಲಹೆ ಪ್ರಕರಣ: ರಿಲೀಸ್ ಹಿಂದಿನ ರಾತ್ರಿ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರನ್ನು 'ಸ' ಅನ್ನೋಣ. ವಯಸ್ಸು ಮೂವತ್ತರ ಆಸುಪಾಸು. ಪೈಥಾನ್ ಭಾಷೆಯಲ್ಲಿ, ಜ್ಯಾಂಗೋ ಎಂಬ ಸಿದ್ಧ ಚೌಕಟ್ಟು ಬಳಸಿ ವೆಬ್ ಅಪ್ಲಿಕೇಶನ್ ಮಾಡುವ ಸಣ್ಣ ತಂಡದಲ್ಲಿ ಕೆಲಸ. ಹೊಸ ಆವೃತ್ತಿಯನ್ನು ಬಳಕೆದಾರರಿಗೆ ಬಿಡುವ (ರಿಲೀಸ್) ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ ಎಂದು ಬಂದರು. ರಾತ್ರಿ ಎರಡಕ್ಕೆ ಎದ್ದು ಎಲ್ಲ ಪುಟಗಳನ್ನೂ ಕೈಯಾರೆ ಕ್ಲಿಕ್ ಮಾಡಿ ನೋಡುತ್ತಿದ್ದರಂತೆ.

ಆಪ್ತಸಲಹೆಗೆ ಬರುವ ಮೊದಲು ನಾನೂ ಹಲವು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವಳು. ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ಮನಸ್ಸಾಗಲಿಲ್ಲ. "ಆ ಹೊತ್ತಲ್ಲಿ ಏನು ಕೆಟ್ಟುಹೋಗುತ್ತೆ ಅನ್ಸುತ್ತೆ?" ಎಂದು ಕೇಳಿದೆ. ಒಂಚೂರೂ ತಡವರಿಸಲಿಲ್ಲ.

"ಲಾಗಿನ್ ಆಗಲ್ಲ. ದುಡ್ಡು ಕಟ್ ಆಗುತ್ತೆ, ಆರ್ಡರ್ ಸೇವ್ ಆಗಲ್ಲ. ಪಾಸ್‌ವರ್ಡ್ ಮರೆತವರಿಗೆ ಮೇಲ್ ಹೋಗಲ್ಲ. ಒಬ್ಬರ ಬಿಲ್ ಇನ್ನೊಬ್ಬರಿಗೆ ಕಾಣುತ್ತೆ, ಮೇಡಂ."

ನಾಲ್ಕನ್ನೂ ಕಾಗದದ ಮೇಲೆ ಬರೆಸಿದೆ.

ಆಮೇಲೆ ನಿಜವಾದ ನೋವು ಹೊರಬಂತು. ಹಿಂದೊಮ್ಮೆ ಅವರು ಬ್ರೌಸರನ್ನು ತಾನೇ ಓಡಿಸುವ ಸೆಲೆನಿಯಂ ಎಂಬ ಟೂಲ್‌ನಲ್ಲಿ 140 ಅಕ್ಸೆಪ್ಟೆನ್ಸ್ ಟೆಸ್ಟ್ (ಬಳಕೆದಾರರಂತೆ ಕ್ಲಿಕ್ ಮಾಡಿ ಎಲ್ಲ ಸರಿಯಿದೆಯೇ ಎಂದು ನೋಡುವ ಕೋಡ್) ಬರೆದಿದ್ದರು. ಇವತ್ತು ಪಾಸ್, ನಾಳೆ ಫೇಲ್. ಕೆಂಪು, ಅಂದರೆ ಫೇಲ್, ಕಂಡರೆ ತಂಡದವರು "ಇನ್ನೊಂದ್ಸಲ ರನ್ ಮಾಡಿ" ಅನ್ನುತ್ತಿದ್ದರು. ಕೊನೆಗೆ ಯಾರೂ ನೋಡುವುದನ್ನೇ ಬಿಟ್ಟರು. "ನನ್ನ ಕೈಲಿ ಆಗಲ್ಲ ಅಂತ ಅವತ್ತೇ ಗೊತ್ತಾಯ್ತು" ಎಂದು ಕಣ್ಣೀರಾದರು.

ಅವರ ಕೋಡ್ ಹೇಗಿತ್ತು ಎಂದು ವಿವರವಾಗಿ ಕೇಳಿದೆ. ಪ್ರತಿ ಕ್ಲಿಕ್ ಆದಮೇಲೆ ಐದು ಸೆಕೆಂಡ್ ಸುಮ್ನೆ ಸ್ಲೀಪ್, ಅಂದರೆ ಕಾಯುವುದು. ಸರ್ವರ್ ನಿಧಾನವಾದ ದಿನ ಆರು ಸೆಕೆಂಡ್ ಬೇಕಾಗುತ್ತದೆ, ಟೆಸ್ಟ್ ಬೀಳುತ್ತದೆ. ಇನ್ನೊಂದು ಕಾರಣ ಕೇಳಿ ನನಗೇ ಸಂಕಟವಾಯಿತು. ಜ್ಯಾಂಗೋದ ಲೈವ್ ಸರ್ವರ್ ಟೆಸ್ಟ್‌ನಲ್ಲಿ (ಬ್ರೌಸರ್ ಟೆಸ್ಟ್‌ಗೆ ನಿಜವಾದ ಸರ್ವರ್ ಎಬ್ಬಿಸುವ ಬಗೆ) ಸರ್ವರ್ ಬೇರೆ ಥ್ರೆಡ್‌ನಲ್ಲಿ, ಅಂದರೆ ಟೆಸ್ಟ್‌ನ ಪಕ್ಕದಲ್ಲೇ ಪ್ರತ್ಯೇಕವಾಗಿ, ಓಡುತ್ತದೆ. ಹಾಗಾಗಿ ಮಾಮೂಲಿ ಟೆಸ್ಟ್‌ಗಳಂತೆ ಡೇಟಾಬೇಸ್ ಬದಲಾವಣೆಯನ್ನು ರೋಲ್‌ಬ್ಯಾಕ್ ಮಾಡುವುದಿಲ್ಲ (ಮೊದಲಿದ್ದಂತೆ ಹಿಂದಕ್ಕೆ ತರುವುದಿಲ್ಲ), ಪ್ರತಿ ಟೆಸ್ಟ್ ಮುಗಿದ ಮೇಲೆ ಟೇಬಲ್‌ಗಳನ್ನೇ ಖಾಲಿ ಮಾಡುತ್ತದೆ. ಮೈಗ್ರೇಶನ್‌ನಲ್ಲಿ (ಡೇಟಾಬೇಸ್ ರಚನೆ ಕಟ್ಟುವ ಹಂತ) ತುಂಬಿದ ಡೇಟಾ ಕೂಡ ಆಗಲೇ ಹೋಗುತ್ತದೆ. ಇವರ ಬಳಕೆದಾರರ ಪಾತ್ರಗಳ (ಯಾರು ಏನು ಮಾಡಬಹುದು ಎಂಬ) ಪಟ್ಟಿ ಇದ್ದದ್ದು ಅಲ್ಲೇ! ಮೊದಲು ಓಡಿದ ಟೆಸ್ಟ್ ಪಾಸ್, ಆ ಪಟ್ಟಿ ಬೇಕಾದ ಉಳಿದವೆಲ್ಲ ಫೇಲ್. ಓಡುವ ಕ್ರಮ ಬದಲಾದರೆ ಬೀಳುವ ಟೆಸ್ಟ್ ಕೂಡ ಬೇರೆ. ಎಷ್ಟೋ ತಿಂಗಳು ಇದನ್ನು ತನ್ನ ದಡ್ಡತನ ಅಂದುಕೊಂಡಿದ್ದರು. ಎಷ್ಟು ಜನ ಇದೇ ಜಾಗದಲ್ಲಿ ಎಡವಿದ್ದನ್ನು ನಾನು ನೋಡಿದ್ದೇನೆ ಎಂದು ಹೇಳಿದಾಗ ಅವರ ಭುಜ ಇಳಿದದ್ದು ಕಾಣಿಸಿತು.

ನಾನು ಕೊಟ್ಟ ಸಲಹೆ ಇದು. 140ನ್ನೂ ಪಕ್ಕಕ್ಕಿಡಿ. ಕಾಗದದ ಮೇಲಿನ ನಾಲ್ಕು ಭಯಕ್ಕೆ ನಾಲ್ಕೇ ಟೆಸ್ಟ್ ಬರೆಯಿರಿ. ಪ್ರತಿ ಟೆಸ್ಟ್ ತನಗೆ ಬೇಕಾದ ಬಳಕೆದಾರ, ಪಾತ್ರ, ಆರ್ಡರ್ ಎಲ್ಲವನ್ನೂ ತಾನೇ ಸೃಷ್ಟಿಸಿಕೊಳ್ಳಲಿ. ಪೈಟೆಸ್ಟ್ ಎಂಬ ಟೆಸ್ಟ್ ಟೂಲ್‌ನ ಫಿಕ್ಸ್ಚರ್ (ಟೆಸ್ಟ್‌ಗೆ ಮೊದಲು ಸಿದ್ಧತೆ ಮಾಡುವ ಕೋಡ್) ಇರುವುದೇ ಅದಕ್ಕೆ. ಸ್ಲೀಪ್ ಒಂದೂ ಬೇಡ. 'ಆರ್ಡರ್ ಆಯಿತು' ಎಂಬ ಸಾಲು ಕಾಣುವವರೆಗೆ ಕಾಯಲು ಹೇಳಿ. ಸೆಲೆನಿಯಂನಲ್ಲೇ ಅದಕ್ಕೆ ದಾರಿ ಇದೆ. 2020ರಲ್ಲಿ ಬಂದ ಪ್ಲೇರೈಟ್ ಎಂಬ ಇಂಥದ್ದೇ ಟೂಲ್ ಬಟನ್ ಒತ್ತುವ ಮೊದಲು ಅದು ಸಿದ್ಧವಾಗುವವರೆಗೆ ತಾನೇ ಕಾಯುತ್ತದೆ. ಯಾವುದಾದರೂ ಸರಿ, ಟೂಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟೆಸ್ಟ್ ವೇಳೆ ಜ್ಯಾಂಗೋ ಮೇಲ್‌ಗಳನ್ನು ಹೊರಗೆ ಕಳಿಸದೆ ಮೆಮೊರಿಯಲ್ಲೇ ಇಡುತ್ತದೆ. ಅಲ್ಲಿಂದ ಪಾಸ್‌ವರ್ಡ್ ಬದಲಿಸುವ ಲಿಂಕ್ ತೆಗೆದು ಬ್ರೌಸರ್‌ನಲ್ಲಿ ತೆರೆಯಿರಿ. ಬಿಲ್ ವಿಷಯಕ್ಕೆ ಇಬ್ಬರು ಬಳಕೆದಾರರು ಬೇಕು: ಒಬ್ಬರ ಬಿಲ್ ಪುಟದ ವಿಳಾಸವನ್ನು ಇನ್ನೊಬ್ಬರು ತೆರೆದಾಗ ಬಾಗಿಲು ಮುಚ್ಚಿರಬೇಕು. ಫೇಲ್ ಆದರೆ ಸ್ಕ್ರೀನ್‌ಶಾಟ್ ಉಳಿಯಲಿ.

ತಂಡಕ್ಕೂ ಒಂದು ಮಾತು ಹೇಳಲು ಅಭ್ಯಾಸ ಮಾಡಿಸಿದೆ: "ಕೆಂಪು ಬಂದರೆ ಮತ್ತೆ ಓಡಿಸೋ ಮೊದಲು ಕಾರಣ ನೋಡೋಣ." ಇದನ್ನು ಗಟ್ಟಿಯಾಗಿ ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಭೇಟಿ ಅದಕ್ಕೇ ಹೋಯಿತು.

ಐದನೇ ಭೇಟಿಗೆ ಬಂದಾಗ ಒಂದು ಸ್ಕ್ರೀನ್‌ಶಾಟ್ ತೋರಿಸಿದರು. ಪಾಸ್‌ವರ್ಡ್ ಟೆಸ್ಟ್ ಕೆಂಪಾಗಿತ್ತು. ಯಾರೋ ಆ ಪುಟದ ವಿಳಾಸ ಬದಲಿಸಿದ್ದರು, ಮೇಲ್‌ನಲ್ಲಿದ್ದ ಲಿಂಕ್ ಹಳೆಯದೇ ಉಳಿದಿತ್ತು. ರಿಲೀಸ್‌ಗೆ ಎರಡು ದಿನ ಮೊದಲೇ ಸಿಕ್ಕಿಬಿತ್ತು. ಆ ರಾತ್ರಿಯೂ ಒಮ್ಮೆ ಎಚ್ಚರವಾಯಿತಂತೆ. ಆದರೆ ಮೊಬೈಲ್ ಮುಟ್ಟಲಿಲ್ಲ ಎಂದರು.