ಬೆರ್ರಿ ತಿಂದರೂ ಇಳಿಯದ ತೂಕ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿರುವ ಈ ಪ್ರಕರಣದ ಮಹಿಳೆಗೆ 47 ವರ್ಷ. ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಬಳಿಗೆ ಬಂದಾಗ ಅವರ ತೂಕ 71 ಕಿಲೋ, ಎತ್ತರ 156 ಸೆಂ.ಮೀ. ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಇದ್ದು, ಮಧುಮೇಹಪೂರ್ವ ಸ್ಥಿತಿಯ 5.7ರಿಂದ 6.4ರ ಮಿತಿಯೊಳಗೆ ಬರುತ್ತಿತ್ತು. ತಾಯಿಯ ಕಾಲಿನ ಹುಣ್ಣು ಮಧುಮೇಹದಿಂದಾಗಿ ವರ್ಷಗಟ್ಟಲೆ ಮಾಯದಿದ್ದುದನ್ನು ಕಂಡಿದ್ದ ಅವರು, ಬ್ಲೂಬೆರ್ರಿ ಸಕ್ಕರೆಯ ಹತೋಟಿಗೆ ಒಳ್ಳೆಯದೆಂಬ, ಅಮೆರಿಕದಲ್ಲಿರುವ ಮಗಳ ಮಾತಿನಂತೆ ನಾಲ್ಕು ತಿಂಗಳಿಂದ ದಿನವೂ ಬ್ಲೂಬೆರ್ರಿ ಸೇವಿಸುತ್ತಿದ್ದರು. "ಇಷ್ಟು ದುಬಾರಿ ಹಣ್ಣು ತಿಂದೂ ಒಂದೂವರೆ ಕಿಲೋ ಹೆಚ್ಚಾಗಿದೆ ಮೇಡಂ, ನನ್ನ ದೇಹವೇ ಸರಿಯಿಲ್ಲ" ಎನ್ನುವಾಗ ಅವರ ಗಂಟಲು ಕಟ್ಟಿತು.

ದೇಹವನ್ನು ದೂರುವ ಮೊದಲು ಬೆಳಗಿನ ಲೋಟದಲ್ಲಿ ಏನಿರುತ್ತದೆಂದು ಒಂದೊಂದಾಗಿ ಹೇಳಲು ಕೇಳಿಕೊಂಡೆ. 150 ಗ್ರಾಂ ಬ್ಲೂಬೆರ್ರಿ, ಒಂದು ಲೋಟ ಹಾಲು, ಎರಡು ದೊಡ್ಡ ಚಮಚ ಜೇನುತುಪ್ಪ, ನಾಲ್ಕು ಖರ್ಜೂರ, ಮೇಲೆ ಒಂದು ಹಿಡಿ ಒಣ ಕ್ರ್ಯಾನ್‌ಬೆರ್ರಿ. ಲೆಕ್ಕ ಹಾಕಿದರೆ ಸುಮಾರು 500 ಕ್ಯಾಲೊರಿ. ಅದರಲ್ಲಿ ಬ್ಲೂಬೆರ್ರಿಯ ಪಾಲು ಸುಮಾರು 85 ಮಾತ್ರ. ಹುಳಿಯಾದ ಕ್ರ್ಯಾನ್‌ಬೆರ್ರಿಯನ್ನು ಒಣಗಿಸುವಾಗ ಸಾಮಾನ್ಯವಾಗಿ ಸಕ್ಕರೆ ಸೇರಿಸುತ್ತಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಇದಾದ ಮೇಲೆ ಎಂದಿನ ಮೂರು ದೋಸೆ, ಸಂಜೆ ಕಾಫಿಯೊಂದಿಗೆ ಖಾರ ಮಿಕ್ಸ್ಚರ್ ಯಥಾಪ್ರಕಾರ ಮುಂದುವರಿದಿದ್ದವು.

ಮಗಳ ಮಾತು ಸುಳ್ಳಲ್ಲ, ಅದರಲ್ಲಿ ಅರ್ಧ ಮಾತ್ರ ಇವರಿಗೆ ತಲುಪಿತ್ತು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ 32 ಜನ ಸ್ಥೂಲಕಾಯದವರ ಪೈಕಿ ಬ್ಲೂಬೆರ್ರಿ ಪುಡಿಯ ಪಾನೀಯವನ್ನು ಆರು ವಾರ ಕುಡಿದವರಲ್ಲಿ ಆ ಸ್ಪಂದನೆ ಸುಧಾರಿಸಿತು. ಆದರೆ ಕೊಬ್ಬು ಕರಗಲಿಲ್ಲ. ಅಧ್ಯಯನದಲ್ಲಿದ್ದವರಿಗೆ, ಪಾನೀಯದಿಂದ ಬರುವಷ್ಟೇ ಕ್ಯಾಲೊರಿಯನ್ನು ಬೇರೆ ಊಟದಲ್ಲಿ ಕಡಿಮೆ ಮಾಡಬೇಕೆಂದು ಮೊದಲೇ ಸೂಚಿಸಲಾಗಿತ್ತು ಎಂಬ ಅಂಶವನ್ನು ನಾನು ಎರಡು ಬಾರಿ ಹೇಳಿದೆ. 2019ರಲ್ಲಿ ಇಂಗ್ಲೆಂಡಿನಿಂದ ಬಂದ, 115 ಜನರ ಆರು ತಿಂಗಳ ಅಧ್ಯಯನದಲ್ಲಂತೂ ದಿನಕ್ಕೆ 150 ಗ್ರಾಂ ಹಣ್ಣಿಗೆ ಸಮನಾದ ಪುಡಿಯಿಂದ ರಕ್ತನಾಳಗಳ ಕೆಲಸ ಉತ್ತಮಗೊಂಡಿತೇ ವಿನಾ ಇನ್ಸುಲಿನ್‌ಗೆ ದೇಹದ ಸ್ಪಂದನೆಯಲ್ಲಿ ಬದಲಾವಣೆ ಕಾಣಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟಿತ್ತು: ಜೇನು, ಖರ್ಜೂರ, ಒಣ ಕ್ರ್ಯಾನ್‌ಬೆರ್ರಿ ನಿಲ್ಲಲಿ, ಹಣ್ಣನ್ನು ರುಬ್ಬದೆ ಅಗಿದು ತಿನ್ನಿ, ಅದೂ ಸಂಜೆ ಮಿಕ್ಸ್ಚರ್‌ನ ಬದಲಿಗೆ. ಮೂರರ ಬದಲು ಎರಡು ದೋಸೆ, ಜೊತೆಗೆ ಮೊಳಕೆಕಾಳಿನ ಪಲ್ಯ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ದುಬಾರಿ ಹಣ್ಣೇ ಬೇಕೆಂದಿಲ್ಲ. ನಮ್ಮ ನೇರಳೆಯ ಬಣ್ಣವೂ ಬ್ಲೂಬೆರ್ರಿಯ ಬಣ್ಣದಂತೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದಲೇ ಬಂದದ್ದು, ಮತ್ತು ಸೀಬೆಹಣ್ಣಿನ ನಾರಿನಂಶ ಬ್ಲೂಬೆರ್ರಿಯ ಎರಡರಷ್ಟಿದೆ. (ಸಸ್ಯಶಾಸ್ತ್ರದ ಪ್ರಕಾರ ಸೀಬೆಯೂ ಬೆರ್ರಿಯೇ ಎಂದಾಗ ಆ ದಿನ ಮೊದಲ ಬಾರಿಗೆ ಅವರು ನಕ್ಕರು.) ಅತ್ತೆಯವರು ಹೇಳುತ್ತಿದ್ದ ನೇರಳೆ ಬೀಜದ ಪುಡಿಯನ್ನು ಔಷಧಿಯೆಂದು ನೆಚ್ಚಿಕೊಳ್ಳಬೇಡಿ, ವೈದ್ಯರು ಹೇಳಿದ ರಕ್ತಪರೀಕ್ಷೆ ತಪ್ಪಿಸಬೇಡಿ ಎಂದೆ. ದಿನವೂ ತೂಕ ನೋಡಿ ಕುಗ್ಗುತ್ತಿದ್ದ ಅವರಿಗೆ ವಾರಕ್ಕೊಮ್ಮೆ ನೋಡಿದರೆ ಸಾಕೆಂದು ಒಪ್ಪಿಸುವುದು, ನಿಜ ಹೇಳಬೇಕೆಂದರೆ, ಆಹಾರ ಬದಲಿಸಿದ್ದಕ್ಕಿಂತ ಕಷ್ಟವಾಯಿತು.

ಮೂರು ತಿಂಗಳ ನಂತರ ತೂಕ 68.5 ಕಿಲೋ, ಎಚ್‌ಬಿಎ1ಸಿ 5.8 ಆಗಿತ್ತು. ಇದರಲ್ಲಿ ಹಣ್ಣಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದೆಂದು ಅವರಿಗೆ ತಿಳಿಸಿದ್ದೇನೆ. ಬ್ಲೂಬೆರ್ರಿ ಕೊಳ್ಳುವುದನ್ನು ಅವರು ತಿಂಗಳಿಗೆ ಒಂದೆರಡು ಬಾರಿಗೆ ಇಳಿಸಿದ್ದಾರೆ. ಮುಂದಿನ ಭೇಟಿ ಜೂನ್‌ನಲ್ಲಿ, ನೇರಳೆಯ ಕಾಲದಲ್ಲಿ.